ಅಂಗೈಯೊಳಗಣ ಕೀಲಿಕೈ

ನಮ್ಮ ಕಡೆಯ ಮನೆತನಗಳಲ್ಲಿ ಯಜಮಾನಿಯ ಅಧಿಕಾರವನ್ನು ಅವಳ ಸೊಂಟದಲ್ಲಿ ಸಿಕ್ಕಿಸಿದ ಕೀಲಿಕೈಗಳ ಗೊಂಚಲಿನಿಂದ ಅಳೆಯುವ ಕಾಲವೊಂದಿತ್ತು. ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಆ ಗೊಂಚಲು ಬಂದ ದಿನವೇ ಮನೆಯ ಆಡಳಿತವು ಕೈ ಬದಲಾಯಿಸಿತೆಂದು ಓಣಿಯೆಲ್ಲ ತಿಳಿಯುತ್ತಿತ್ತು. ಕೀಲಿಕೈಯು ಅಧಿಕಾರದ ಚಿಹ್ನೆ. ಆದರೆ ಅದು ಅಧಿಕಾರಿಯ ಅಂಗವಲ್ಲ. ಅದನ್ನು ಕೊಡಬಹುದು, ಇಸಿದುಕೊಳ್ಳಬಹುದು. ಕಳೆದುಹೋದರೆ ಬಡಿಗನನ್ನು ಕರೆದು ಕೀಲಿಯನ್ನೇ ಬದಲಾಯಿಸಬಹುದು. ಈಗ ಆ ಗೊಂಚಲು ಸೊಂಟದಿಂದ ಕೊರಳಿಗೆ ಏರಿದೆ. ಕಾಲೇಜಿನ ವಿದ್ಯಾರ್ಥಿ, ಕಂಪನಿಯ ನೌಕರ, ಆಸ್ಪತ್ರೆಯ ದಾದಿ ಎಲ್ಲರ ಕೊರಳಲ್ಲಿಯೂ ಪಟ್ಟಿಗೆ ಕಟ್ಟಿದ ಪ್ಲಾಸ್ಟಿಕ್ ಕಾರ್ಡೊಂದು ತೂಗಾಡುತ್ತದೆ. ಬಾಗಿಲ ಪಕ್ಕದ ಪೆಟ್ಟಿಗೆಗೆ ಅದನ್ನು ಹಿಡಿದರೆ ಸಾಕು, ಮುಟ್ಟಿಸಬೇಕೆಂದೂ ಇಲ್ಲ, ಬಾಗಿಲು ತೆರೆಯುತ್ತದೆ. ಕೆಲವರಿಗೆ ಇದೂ ಸಾಲದಾಗಿದೆ. ಕೊರಳಿನ ಭಾರವೂ ಬೇಡ, ಕಾರ್ಡಿನೊಳಗಿನ ಚಿಪ್ಪನ್ನೇ ಚರ್ಮದಡಿಗೆ ಸೇರಿಸಿಬಿಡೋಣ ಎನ್ನುತ್ತಾರೆ.

ಇದು ಕಟ್ಟುಕತೆಯಲ್ಲ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆವಿನ್ ವಾರ್ವಿಕ್ ಅವರು 1998ರ ಆಗಸ್ಟ್ ತಿಂಗಳಲ್ಲಿ ತಮ್ಮ ತೋಳಿನ ಚರ್ಮದಡಿ ಗಾಜಿನ ಗುಳಿಗೆಯಲ್ಲಿಟ್ಟ ಚಿಪ್ಪೊಂದನ್ನು ಸೇರಿಸಿಕೊಂಡು, ತಮ್ಮ ವಿಭಾಗದ ಬಾಗಿಲುಗಳೂ ದೀಪಗಳೂ ತಮ್ಮನ್ನು ಗುರುತಿಸುವಂತೆ ಮಾಡಿದರು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ರೋಗಿಗಳ ಗುರುತಿಗಾಗಿ 'ವೆರಿಚಿಪ್' ಎಂಬ ಇಂಥದೇ ಗುಳಿಗೆಗೆ ಒಪ್ಪಿಗೆಯನ್ನಿತ್ತಿತು. ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತುಹೋಯಿತು. 2017ರಲ್ಲಿ ಸ್ವೀಡನ್ ದೇಶದ ರೈಲ್ವೆ ಸಂಸ್ಥೆಯು ಪ್ರಯಾಣಿಕರ ಕೈಯೊಳಗಿನ ಚಿಪ್ಪಿನಿಂದ ಟಿಕೇಟನ್ನು ಗುರುತಿಸುವ ಪ್ರಯೋಗಕ್ಕೆ ತೊಡಗಿತು. ಪ್ರಾಣಿಗಳ ವಿಷಯದಲ್ಲಿ ಇದು ಪ್ರಯೋಗದ ಹಂತವನ್ನು ದಾಟಿ ಎಷ್ಟೋ ಕಾಲವಾಯಿತು. ಪರದೇಶಕ್ಕೆ ಹೋಗುವ ಸಾಕುನಾಯಿಗೂ ನಮ್ಮ ನಾಡಿನ ಸಾಕಾನೆಗೂ ಚರ್ಮದಡಿಯಲ್ಲಿ ಚಿಪ್ ಇರುತ್ತದೆ. ಹಾವೇರಿ ಸೀಮೆಯ ಎತ್ತು ಎಮ್ಮೆಗಳಿಗೆ ಸದ್ಯಕ್ಕೆ ಅದರ ಕಾಟವಿಲ್ಲ. ಅವು ಹನ್ನೆರಡು ಅಂಕಿಗಳ ಹಳದಿ ಬಿಲ್ಲೆಯನ್ನು ಕಿವಿಯ ಮೇಲೆ ಬಹಿರಂಗವಾಗಿಯೇ ಧರಿಸಿಕೊಂಡು ತಿರುಗುತ್ತವೆ.

ನನ್ನ ಕೈಯಲ್ಲಿ ಕಲಿತು ಬೆಂಗಳೂರಿನಲ್ಲಿ ನೌಕರಿಗೆ ನಿಂತ ತರುಣನೊಬ್ಬನು ಇತ್ತೀಚೆಗೆ ಊರಿಗೆ ಬಂದಾಗ ಈ ಮಾತನ್ನೆತ್ತಿದನು. "ಸರ, ಆಫೀಸಿನ ಕಾರ್ಡು, ಮೆಟ್ರೋ ಕಾರ್ಡು, ಬ್ಯಾಂಕಿನ ಕಾರ್ಡು, ಮೂರನ್ನೂ ಒಂದ ಚಿಪ್ಪಿನಾಗ ನಕಲ ಮಾಡಿ ಕೈಯಾಗ ಇಟಗೊಂಡಬಿಟ್ರ ಚಲೋ ಅಲ್ರೀ? ಆದ್ರ ಯಾವುದೂ ಯಾವುದಕ್ಕೂ ಹೊಂದಂಗಿಲ್ಲ ಅಂತಾರ್ರೀ" ಎಂದು ವ್ಯಥೆಪಟ್ಟನು. ವಿಜ್ಞಾನವು ಇಷ್ಟು ಮುಂದುವರಿದ ಮೇಲೂ ಈ ಹೊಂದಾಣಿಕೆ ಏಕಿಲ್ಲವೆಂಬುದು ಅವನ ದೂರು. ಅವನ ದೂರನ್ನು ಕೇಳಿದ ನಾನು ಆ ವಿಷಯವನ್ನು ಸಾಕಷ್ಟು ಓದಿ ನೋಡಿದೆನು. ಓದಿದಷ್ಟೂ ನನ್ನ ಅಭಿಪ್ರಾಯ ಅವನದಕ್ಕಿಂತ ದೂರ ಸರಿಯಿತು. ಅವನು ಯಾವುದನ್ನು ಕೊರತೆಯೆಂದನೋ ಅದರಲ್ಲಿ ಬಹುಪಾಲು ನಮ್ಮ ರಕ್ಷಣೆಗಾಗಿಯೇ ಇರುವಂಥದು. ಯಾವ ಕಾರ್ಡು ಸುಲಭವಾಗಿ ಅವನ ಕೈಯೊಳಗೆ ಇಳಿಯುವುದೋ ಅದೇ ನಾವು ಹೆದರಬೇಕಾದ ಕಾರ್ಡು. ಇದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

*

ಮೊದಲು ಈ ಕಾರ್ಡುಗಳು ಮಾತನಾಡುವ ಬಗೆಯನ್ನು ನೋಡೋಣ. ಅವುಗಳೊಳಗೆ ಬ್ಯಾಟರಿ ಇಲ್ಲ. ಒಂದು ತಂತಿಯ ಸುರುಳಿ, ಅದರ ತುದಿಗೆ ಸಾಸಿವೆ ಕಾಳಿನಷ್ಟು ದೊಡ್ಡ ಚಿಪ್, ಇವೆರಡೇ ಅದರ ಸಂಸಾರ. ಬಾಗಿಲಲ್ಲಿರುವ ಯಂತ್ರವು ತನ್ನ ಸುತ್ತಲೂ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಹರಡಿರುತ್ತದೆ. ಕಾರ್ಡು ಅದರೊಳಗೆ ಬಂದೊಡನೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. ಯಂತ್ರದಿಂದ ಪಡೆದ ಆ ಶಕ್ತಿಯಿಂದಲೇ ಯಂತ್ರಕ್ಕೆ ಉತ್ತರವನ್ನು ಕೊಡುತ್ತದೆ. ಫ್ಯಾರಡೆ ಮಹಾಶಯನು 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ನಮ್ಮ ಪ್ರೌಢಶಾಲೆಯ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ತತ್ತ್ವವು ಅವರ ಕೊರಳಲ್ಲಿಯೇ ತೂಗುತ್ತಿರುತ್ತದೆ.

ಆದರೆ ಎಲ್ಲ ಕಾರ್ಡುಗಳೂ ಒಂದೇ ಭಾಷೆಯನ್ನಾಡುವುದಿಲ್ಲ. ಹಳೆಯ ಬಾಗಿಲುಗಳ ಕಾರ್ಡು 125 ಕಿಲೋಹರ್ಟ್ಸ್ ಆವರ್ತನದಲ್ಲಿ ಮಾತನಾಡುತ್ತದೆ. ಪ್ರಾಣಿಗಳ ಚಿಪ್ಪಿಗೆ ಅಂತರರಾಷ್ಟ್ರೀಯ ಒಪ್ಪಂದದಂತೆ 134.2 ಕಿಲೋಹರ್ಟ್ಸ್. ಬ್ಯಾಂಕು, ಮೆಟ್ರೋ ಮುಂತಾದವುಗಳ ಕಾರ್ಡಿಗೆ 13.56 ಮೆಗಾಹರ್ಟ್ಸ್, ಎಂದರೆ ಹಳೆಯ ಕಾರ್ಡಿನ ನೂರು ಪಟ್ಟಿಗೂ ಹೆಚ್ಚು. ರಾಣೇಬೆನ್ನೂರಿನ ಹತ್ತಿರದ ಚಳಗೇರಿಯ ಟೋಲ್ ನಾಕೆಯಲ್ಲಿ ನಾವು ದಿನವೂ ಕಾಣುವ ಫಾಸ್ಟ್ಯಾಗ್ ಚೀಟಿಯದು ಇನ್ನೂ ಬೇರೆ ಭಾಷೆ. ಅದು 865ರಿಂದ 867 ಮೆಗಾಹರ್ಟ್ಸ್‌ಗಳ ನಡುವೆ ನುಡಿಯುತ್ತದೆ. ಆದ್ದರಿಂದಲೇ ಅದನ್ನು ಹತ್ತಾರು ಅಡಿ ದೂರದಿಂದ, ಚಲಿಸುವ ಗಾಡಿಯಲ್ಲಿ ಓದಬಹುದು. ಅದನ್ನು ಮೈಯೊಳಗೆ ಸೇರಿಸಲು ಹೋದರೆ ದೇಹದ ನೀರೇ ಆ ತರಂಗಗಳನ್ನು ಹೀರಿ ಕೆಡಿಸುತ್ತದೆ. ಹೀಗೆ ಒಂದು ಸುರುಳಿಯು ಒಂದು ಭಾಷೆಗೆ ಮಾತ್ರ ಕಿವಿಗೊಡುವುದರಿಂದ, ಮೂರು ಬಗೆಯ ಕಾರ್ಡುಗಳನ್ನು ಒಂದೇ ಸುರುಳಿಯ ಚಿಪ್ಪಿಗೆ ಇಳಿಸುವ ಮಾತೇ ಬರುವುದಿಲ್ಲ. ಕನ್ನಡ ಮಾತ್ರ ಬಲ್ಲವನ ಕಿವಿಯಲ್ಲಿ ಮರಾಠಿಯನ್ನು ಎಷ್ಟು ಗಟ್ಟಿಯಾಗಿ ಕೂಗಿದರೇನು? ಇದು ಮೊದಲನೆಯ ಮಿತಿ. ಇದು ಪ್ರಕೃತಿಯ ಮಿತಿ. ಇದರ ವಿಷಯದಲ್ಲಿ ವಾದಕ್ಕೆ ಅವಕಾಶವಿಲ್ಲ.

*

ವಾದವು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಭಾಷೆ ಒಂದೇ ಆದಾಗಲೂ ಕಾರ್ಡು ಏನನ್ನು ನುಡಿಯುತ್ತದೆಂಬುದರ ಮೇಲೆ ನಕಲು ನಿಂತಿದೆ.

125 ಕಿಲೋಹರ್ಟ್ಸಿನ ಹಳೆಯ ಕಾರ್ಡುಗಳಲ್ಲಿ ಬಹುಮಟ್ಟಿನವು ಬರಿಯ ಒಂದು ಸಂಖ್ಯೆಯನ್ನು ಒದರುತ್ತವೆ. ಯಾರು ಕೇಳಿದರು, ಏಕೆ ಕೇಳಿದರು ಎಂಬ ವಿಚಾರವೇ ಅವುಗಳಿಗಿಲ್ಲ. ಶಕ್ತಿ ದೊರೆತೊಡನೆ ಹೆಸರು ಹೇಳುವುದೊಂದೇ ಅವುಗಳ ವ್ರತ. ಅಂಥ ಸಂಖ್ಯೆಯನ್ನು ಕೇಳಿಸಿಕೊಂಡು, ಬೇಕಾದ ಸಂಖ್ಯೆಯನ್ನು ಬರೆಯಬಹುದಾದ ಇನ್ನೊಂದು ಚಿಪ್ಪಿಗೆ ಇಳಿಸುವುದು ಕೆಲವೇ ಕ್ಷಣಗಳ ಕೆಲಸ. ಚರ್ಮದಡಿಯ ಗುಳಿಗೆಗಳಲ್ಲಿಯೂ ಅಂಥ ಬರೆಯಬಲ್ಲ ಚಿಪ್ ಇರುವವು ಉಂಟು. ಆದ್ದರಿಂದ ಆ ತರುಣನ ಆಫೀಸಿನ ಕಾರ್ಡು ಈ ಜಾತಿಯದಾಗಿದ್ದರೆ ಅವನ ಮನೋರಥವು ಕೈಗೂಡಬಹುದು. ಆದರೆ ಅವನ ಕೈಗೆ ಇಳಿದಷ್ಟೇ ಸುಲಭವಾಗಿ ಆ ಸಂಖ್ಯೆಯು ಕಳ್ಳನ ಜೇಬಿಗೂ ಇಳಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಸಮಸ್ಯೆಯಲ್ಲ. ನಮ್ಮ ಹಾವೇರಿ ಜಿಲ್ಲೆಯವನೆಂದು ನಾವು ಅಭಿಮಾನಪಡುವ ಸರ್ವಜ್ಞನನ್ನೇ ತೆಗೆದುಕೊಳ್ಳಿರಿ. ಅವನ ತ್ರಿಪದಿಯ ಕೊನೆಗೆ ಅವನ ಹೆಸರು ಬರುತ್ತದೆ. ಅದೇ ಅದರ ಗುರುತು. ಆದರೆ ತ್ರಿಪದಿಯನ್ನು ಕಟ್ಟಬಲ್ಲ ಯಾವನೇ ಆಗಲಿ ಕೊನೆಗೆ ಆ ಹೆಸರನ್ನಿಟ್ಟು ಜನರ ಬಾಯಿಗೆ ಬಿಡಬಹುದಾಗಿತ್ತು, ಹಾಗೆ ಬಿಟ್ಟವರೂ ಅನೇಕರಿದ್ದರು. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಕಲೆಹಾಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೂ, ಇವುಗಳಲ್ಲಿ ಅವನವು ಎಷ್ಟು, ಅವನ ಹೆಸರಿನಲ್ಲಿ ಸೇರಿದವು ಎಷ್ಟು ಎಂಬ ಚರ್ಚೆಯು ಮುಗಿದಿಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನ ಅಂಕಿತವನ್ನಿಟ್ಟ ಕೀರ್ತನೆಗಳನ್ನೆಲ್ಲ ಕನಕದಾಸರವೇ ಎಂದು ಕಣ್ಣುಮುಚ್ಚಿ ಹೇಳುವ ಸಂಪಾದಕನೂ ಇಲ್ಲ. ಅಂಕಿತವು ಹೆಸರನ್ನು ಹೇಳುತ್ತದೆ, ಅದು ಸಾಕ್ಷಿಯಾಗಲಾರದು. ಸಾಕ್ಷಿ ಬೇಕೆಂದರೆ ಭಾಷೆಯನ್ನು ನೋಡಬೇಕು, ಬಂಧವನ್ನು ನೋಡಬೇಕು, ಹಸ್ತಪ್ರತಿಯ ಪರಂಪರೆಯನ್ನು ನೋಡಬೇಕು. ಬರಿಯ ಸಂಖ್ಯೆಯನ್ನು ನೋಡಿ ತೆರೆಯುವ ಬಾಗಿಲು, ಬರಿಯ ಅಂಕಿತವನ್ನು ನೋಡಿ ಪಾಠವನ್ನು ನಿರ್ಣಯಿಸುವ ಸಂಪಾದಕನಂತೆ.

*

ಈ ದೋಷವನ್ನು ತಿಳಿದ ತಯಾರಕರು ಕಾರ್ಡಿನಲ್ಲಿ ಗುಟ್ಟೊಂದನ್ನು ಬಚ್ಚಿಡಲು ತೊಡಗಿದರು. 1994ರಲ್ಲಿ ಹೊರಬಂದು ಜಗತ್ತಿನಾದ್ಯಂತ ಹರಡಿದ 'ಮೈಫೇರ್ ಕ್ಲಾಸಿಕ್' ಎಂಬ ಚಿಪ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಸಣ್ಣ ಮಾದರಿಯಲ್ಲಿ ಹದಿನಾರು ಕೋಣೆಗಳು. ಕೋಣೆಗೆ ಎರಡೆರಡು ಗುಪ್ತ ಕೀಲಿಕೈಗಳು. ಒಂದೊಂದು ಕೀಲಿಕೈಯೂ 48 ಬಿಟ್ಟುಗಳ ಉದ್ದ. ಮೊದಲನೆಯ ಕೋಣೆಯ ಹೊಸ್ತಿಲಲ್ಲಿ ಕಾರ್ಡಿನ ಜನ್ಮಸಂಖ್ಯೆ. ಅದನ್ನು ಕಾರಖಾನೆಯಲ್ಲಿಯೇ ಬರೆದು, ಮತ್ತೆ ತಿದ್ದದಂತೆ ಮುಚ್ಚಿಬಿಡುತ್ತಾರೆ. ಕೀಲಿಕೈಯನ್ನು ಅರಿಯದವನಿಗೆ ಕೋಣೆಯೊಳಗಿನದು ಕಾಣದೆಂಬುದು ಅವರ ಭರವಸೆ.

ಆದರೆ ಆ ಗುಟ್ಟಿನ ಗಣಿತವನ್ನು ಕಂಪನಿಯು ಪಂಡಿತರ ಪರೀಕ್ಷೆಗೆ ಒಡ್ಡದೆ ತನ್ನಲ್ಲಿಯೇ ಮುಚ್ಚಿಟ್ಟುಕೊಂಡಿತ್ತು. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಒಂದು ಸಮ್ಮೇಳನದಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲಾಟ್ಸ್ ಎಂಬ ಸಂಶೋಧಕರು ಆ ಚಿಪ್ಪನ್ನು ಪದರು ಪದರಾಗಿ ಸವೆಸಿ, ಸೂಕ್ಷ್ಮದರ್ಶಕದಲ್ಲಿ ಅದರ ರಚನೆಯನ್ನು ಓದಿದ ಬಗೆಯನ್ನು ತೋರಿಸಿದರು. ಮರುವರ್ಷ ಹಾಲೆಂಡಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಅದರ ದೌರ್ಬಲ್ಯವನ್ನು ಸಂಪೂರ್ಣವಾಗಿ ಬಯಲಿಗೆಳೆದರು. ಆ ಪ್ರಬಂಧವನ್ನು ಪ್ರಕಟಿಸಕೂಡದೆಂದು ಕಂಪನಿಯು ನ್ಯಾಯಾಲಯದ ಮೆಟ್ಟಿಲೇರಿತು. 2008ರ ಜುಲೈ ತಿಂಗಳಲ್ಲಿ ನ್ಯಾಯಾಲಯವು ಪ್ರಕಟಣೆಯನ್ನು ತಡೆಯಲು ಒಪ್ಪಲಿಲ್ಲ. ಲಂಡನ್ನಿನ ಸಾರಿಗೆ ಕಾರ್ಡು, ಹಾಲೆಂಡಿನ ಸಾರಿಗೆ ಕಾರ್ಡು ಎರಡೂ ಆಗ ಇದೇ ಚಿಪ್ಪನ್ನು ನೆಚ್ಚಿದ್ದವು. ಮುಚ್ಚಿಟ್ಟ ವಿದ್ಯೆಗಿಂತ ನಾಲ್ಕು ಜನರು ತಿಕ್ಕಿ ನೋಡಿದ ವಿದ್ಯೆಯೇ ಗಟ್ಟಿಯೆಂಬ ಪಾಠವನ್ನು ಈ ಪ್ರಕರಣವು ಕಲಿಸಿತು.

ಈ ಜಾತಿಯ ಕಾರ್ಡನ್ನು ಕೈಯೊಳಗಿನ ಚಿಪ್ಪಿಗೆ ಇಳಿಸುವಾಗಲೇ 'ಹೊಂದಾಣಿಕೆ'ಯ ನಿಜವಾದ ಗೋಜಲು ತೊಡಗುತ್ತದೆ. ಕೋಣೆಗಳ ಒಳಗಿನದನ್ನು ನಕಲು ಮಾಡಿದರೂ ಜನ್ಮಸಂಖ್ಯೆಯು ಬೇರೆಯಾಗಿದ್ದರೆ ಯಂತ್ರವು ಒಪ್ಪದಿರಬಹುದು. ಜನ್ಮಸಂಖ್ಯೆಯನ್ನೂ ತಿದ್ದಬಹುದಾದ ಚಿಪ್ಪುಗಳು ಮಾರುಕಟ್ಟೆಗೆ ಬಂದಿವೆ. ಆದರೆ ಅವುಗಳನ್ನು ಪತ್ತೆಹಚ್ಚಿ ಹೊರಗೆ ತಳ್ಳುವ ಯಂತ್ರಗಳೂ ಬಂದಿವೆ. ಮೊದಲು ನಾಲ್ಕು ಬೈಟುಗಳಷ್ಟಿದ್ದ ಜನ್ಮಸಂಖ್ಯೆಯಿಂದ ಸುಮಾರು 429 ಕೋಟಿ ಹೆಸರುಗಳನ್ನಷ್ಟೇ ಕೊಡಬಹುದು. ಕಾರ್ಡುಗಳ ಸಂತಾನವು ಹೆಚ್ಚಿ ಆ ಹೆಸರುಗಳು ಸಾಲದಾದುದರಿಂದ ಏಳು ಬೈಟುಗಳ ಸಂಖ್ಯೆ ರೂಢಿಗೆ ಬಂತು. ಏಳು ಬೈಟುಗಳ ಹೆಸರನ್ನು ನಾಲ್ಕು ಬೈಟುಗಳ ಚಿಪ್ಪಿನಲ್ಲಿ ಬರೆಯುವುದೆಂತು? ನಲವತ್ತು ಕೋಣೆಗಳ ದೊಡ್ಡ ಮಾದರಿಯ ಕಾರ್ಡನ್ನು ಹದಿನಾರು ಕೋಣೆಗಳ ಚಿಪ್ಪಿನಲ್ಲಿ ತುಂಬುವುದೆಂತು? ಚೀಲದ ಸರಕನ್ನು ಸೇರಿಗೆ ಸುರಿದಂತೆಯೇ ಸರಿ.

*

ಮೂರನೆಯ ಜಾತಿಯ ಕಾರ್ಡುಗಳ ರೀತಿಯೇ ಬೇರೆ. ಬ್ಯಾಂಕಿನ ಕಾರ್ಡೂ 'ಡೆಸ್‌ಫೈರ್' ಮುಂತಾದ ಹೊಸ ಗುರುತಿನ ಕಾರ್ಡುಗಳೂ ಈ ವರ್ಗದವು. ಇಲ್ಲಿ ಗುಟ್ಟು ಕಾರ್ಡಿನಿಂದ ಹೊರಗೆ ಬರುವುದೇ ಇಲ್ಲ. ಯಂತ್ರವು ಪ್ರತಿಸಲವೂ ಹೊಸತೊಂದು ಒಗಟನ್ನು ಒಡ್ಡುತ್ತದೆ. ಕಾರ್ಡು ತನ್ನೊಳಗಿನ ಗುಟ್ಟನ್ನು ಬಳಸಿ ಆ ಒಗಟಿಗೆ ಮಾತ್ರ ಉತ್ತರವನ್ನು ಲೆಕ್ಕಹಾಕಿ ಕೊಡುತ್ತದೆ. ಈ ಸಲದ ಉತ್ತರವನ್ನು ಕದ್ದು ಕೇಳಿದವನಿಗೆ ಮುಂದಿನ ಸಲ ಅದರಿಂದ ಉಪಯೋಗವಿಲ್ಲ, ಯಾಕೆಂದರೆ ಒಗಟು ಬದಲಾಗಿರುತ್ತದೆ. ಪಿನ್ ಸಂಖ್ಯೆಯನ್ನು ಒತ್ತದೆಯೇ ಕಾರ್ಡನ್ನು ತೋರಿಸಿ ಕೊಡಬಹುದಾದ ಹಣದ ಮಿತಿಯನ್ನು ರಿಜರ್ವ್ ಬ್ಯಾಂಕು 2021ರ ಜನವರಿ 1ರಿಂದ 2000 ರೂಪಾಯಿಗಳಿಂದ 5000 ರೂಪಾಯಿಗಳಿಗೆ ಏರಿಸಿದ್ದಿತು. ಬರಿಯ ಸಂಖ್ಯೆಯನ್ನೊದರುವ ಕಾರ್ಡುಗಳೇ ಇದ್ದಿದ್ದರೆ ಈ ಧೈರ್ಯವನ್ನು ಯಾವ ಬ್ಯಾಂಕೂ ಮಾಡುತ್ತಿರಲಿಲ್ಲ. 2019ರ ಮಾರ್ಚಿಯಲ್ಲಿ ದೇಶಕ್ಕೆಲ್ಲ ಒಂದೇ ಎಂದು ಹೊರಬಂದು, 2023ರಲ್ಲಿ ನಮ್ಮ ಮೆಟ್ರೋಗೂ ಬಂದ ಸಂಚಾರ ಕಾರ್ಡಿನಲ್ಲಿಯೂ ಇದೇ ಬಗೆಯ ಕಾವಲಿದೆ. ಅದರೊಳಗೆ ಹಣದ ಬಾಕಿಯೇ ತುಂಬಿರುತ್ತದೆ. ಅದನ್ನು ಯಾರಾದರೂ ನಕಲು ಮಾಡುವಂತಿದ್ದರೆ ಅದು ಕಾರ್ಡಿನ ನಕಲಾಗದೆ ನೋಟಿನ ನಕಲಾಗುತ್ತಿತ್ತು.

ರಾಣೇಬೆನ್ನೂರಿನ ಸುತ್ತಲಿನ ಹೊಲಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಬೀಜದ ಕಂಪನಿಗಳಿಗಾಗಿ ರೈತರು ಹೈಬ್ರಿಡ್ ಬೀಜವನ್ನು ಬೆಳೆಯುತ್ತಾರೆ. ಒಂದು ತಳಿಯ ಹೂವಿನ ಕೇಸರಗಳನ್ನು ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಕೈಯಿಂದ ಮುಟ್ಟಿಸಿ, ಹೂಹೂವಿಗೂ ದುಡಿದು ಪಡೆದ ಬೀಜ ಅದು. ಆ ಬೀಜದಿಂದ ಬೆಳೆದ ಗಿಡದ ಕಾಯಿಯನ್ನು ಯಾರೂ ನೋಡಬಹುದು, ಅದರ ಬೀಜವನ್ನು ತೆಗೆದಿಟ್ಟು ಮರುವರ್ಷ ಬಿತ್ತಲೂಬಹುದು. ಆದರೆ ಮರುವರ್ಷದ ಗಿಡಗಳು ಒಂದರಂತೊಂದು ಇರುವುದಿಲ್ಲ. ಮೊದಲಿನ ಗುಣ ಒಡೆದು ಹಂಚಿಹೋಗಿರುತ್ತದೆ. ಫಲವು ಕೈಗೆ ಸಿಕ್ಕಿತೆಂದು ತಾಯಿತಂದೆಗಳ ಗುಟ್ಟು ಕೈಗೆ ಸಿಗಲಿಲ್ಲ. ಬೀಜದ ವಿಷಯದಲ್ಲಿ ಈ ಗುಟ್ಟು ರೈತನಿಗೆ ಹಿತವೋ ಅಹಿತವೋ ಎಂಬುದು ಬೇರೆಯೇ ಚರ್ಚೆ. ಕಾರ್ಡಿನ ವಿಷಯದಲ್ಲಂತೂ ಅದು ಕಾರ್ಡುಳ್ಳವನಿಗೇ ಹಿತ. ಆದ್ದರಿಂದ ನನ್ನ ಶಿಷ್ಯನ ಬ್ಯಾಂಕಿನ ಕಾರ್ಡು ಅವನ ಕೈಯೊಳಗಿನ ಚಿಪ್ಪಿಗೆ ನಕಲಾಗದೆಂಬುದು ವಿಜ್ಞಾನದ ಸೋಲಲ್ಲ. ಅವನ ಹಣವು ಅವನ ಖಾತೆಯಲ್ಲಿಯೇ ಉಳಿದಿರುವುದು ಆ ಹೊಂದಾಣಿಕೆ ಇಲ್ಲದುದರಿಂದಲೇ.

*

'ನಕಲು ಬೇಡ, ಬ್ಯಾಂಕಿನವರೇ ಗುಟ್ಟನ್ನು ತುಂಬಿಕೊಟ್ಟ ಚಿಪ್ಪನ್ನು ಸೇರಿಸಿಕೊಳ್ಳುತ್ತೇನೆ' ಎಂದು ಯಾರಾದರೂ ಹೇಳಬಹುದು. ಪರದೇಶದಲ್ಲಿ ಅಂಥ ವ್ಯಾಪಾರವೂ ನಡೆದಿದೆ. ವಾಲೆಟ್‌ಮೋರ್ ಎಂಬ ಕಂಪನಿಯು 2021ರಲ್ಲಿ ಹಣ ಕೊಡಬಲ್ಲ ಚಿಪ್ಪುಗಳನ್ನು ಮಾರಾಟಕ್ಕಿಟ್ಟಿತು. ಇಲ್ಲಿ ಮೈಯ ಮಿತಿಯೇ ಎದುರಾಗುತ್ತದೆ. ಸೂಜಿಯಿಂದ ಚುಚ್ಚಿ ಸೇರಿಸುವ ಗಾಜಿನ ಗುಳಿಗೆಯು ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪ, ಹನ್ನೆರಡು ಮಿಲಿಮೀಟರ್ ಉದ್ದ. ಭತ್ತದ ಕಾಳಿಗಿಂತ ತುಸು ದೊಡ್ಡದು. ಕಾರ್ಡಿನ ಅಂಚಿನುದ್ದಕ್ಕೂ ಹರಡಿಕೊಂಡ ಸುರುಳಿ ಎಲ್ಲಿ, ಈ ಗುಳಿಗೆಯ ಸುರುಳಿ ಎಲ್ಲಿ! ದೊಡ್ಡ ಕಾರ್ಡಿಗೆಂದು ಮಾಡಿದ ಯಂತ್ರದೆದುರು ಕೈಯನ್ನು ಹೇಗೆಲ್ಲ ತಿರುವಿದರೂ ಕೆಲವೊಮ್ಮೆ ಅದಕ್ಕೆ ಗುಳಿಗೆಯ ಸೊಲ್ಲು ಕೇಳಿಸುವುದಿಲ್ಲ. ಚಪ್ಪಟೆಯಾದ ಅಗಲ ಚಿಪ್ಪಾದರೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಚರ್ಮವನ್ನು ಕತ್ತರಿಸಿ ಹೊಲಿಯಬೇಕು.

ಇದಕ್ಕಿಂತ ಮುಖ್ಯವಾದುದು ಕಾಲದ ಮಾತು. ಬ್ಯಾಂಕಿನ ಕಾರ್ಡಿಗೆ ಆಯುಷ್ಯವಿದೆ. ಅದರ ಮುಖದ ಮೇಲೆಯೇ ತಿಂಗಳು, ವರ್ಷಗಳನ್ನು ಮುದ್ರಿಸಿರುತ್ತಾರೆ. ಆಫೀಸು ಬದಲಾದರೆ ಕಾರ್ಡು ಬದಲಾಗುತ್ತದೆ. ಮೈಫೇರ್ ಕಾರ್ಡಿನ ಗತಿಯಾದಂತೆ ಗುಟ್ಟು ಒಡೆದರೆ ಊರಿಗೆ ಊರೇ ಕಾರ್ಡು ಬದಲಿಸಬೇಕಾಗುತ್ತದೆ. ಹಳೆಯ ಕಾರ್ಡನ್ನು ಕತ್ತರಿಯಿಂದ ತುಂಡರಿಸಿ ಬೀಸಾಡಬಹುದು. ಕೈಯೊಳಗಿನ ಕಾರ್ಡಿಗೆ ಯಾವ ಕತ್ತರಿ? ಐದಾರು ವರ್ಷಗಳಿಗೊಮ್ಮೆ ವ್ಯಾಪಾರಿಯ ಅನುಕೂಲಕ್ಕಾಗಿ ಮೈಯನ್ನು ಕೊಯ್ಯಿಸಿಕೊಳ್ಳುವುದು ಯಾವ ನಾಗರಿಕತೆ?

ಫಾಸ್ಟ್ಯಾಗ್ ಚೀಟಿಯನ್ನು ಗಾಡಿಯ ಗಾಜಿಗೆ ಅಂಟಿಸುತ್ತೇವೆ. ಕಿತ್ತರೆ ಅದು ಹಾಳಾಗುವಂತೆ ಮಾಡಿರುತ್ತಾರೆ. 2021ರ ಫೆಬ್ರುವರಿಯಿಂದ ಅದನ್ನು ಕಡ್ಡಾಯ ಮಾಡಿದಾಗ ಯಾರಿಗೂ ಅವಮಾನವೆನಿಸಲಿಲ್ಲ. ಯಾಕೆಂದರೆ ಗಾಡಿಯು ಸರಕು. ಅದನ್ನು ಮಾರಬಹುದು, ಗಾಜನ್ನು ಬದಲಿಸಬಹುದು. ಗಾಡಿಗೆ ಒಪ್ಪುವ ನ್ಯಾಯವು ಗಾಡಿಯನ್ನು ಓಡಿಸುವವನಿಗೆ ಒಪ್ಪುವುದಿಲ್ಲ.

*

ಮೈಯನ್ನೇ ಕೀಲಿಕೈ ಮಾಡಿದರೆ ಏನಾಗುವುದೆಂದು ತಿಳಿಯಲು ನಾವು ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಬ್ಯಾಡಗಿಯ ಪೇಟೆಗೆ ಹೋದರೂ ಸಾಕು. ಅಲ್ಲಿ ಮೆಣಸಿನಕಾಯಿಯ ರಾಶಿಗಳ ನಡುವೆ ಕುಳಿತು ದಿನವಿಡೀ ತೊಟ್ಟು ಬಿಡಿಸುವ ಹೆಂಗಸರ ಬೆರಳುಗಳನ್ನು ನೋಡಿರಿ. ಅಂಥ ದುಡಿಮೆಯಲ್ಲಿ ಬೆರಳ ತುದಿಯ ಗೆರೆಗಳು ಸವೆಯುತ್ತವೆ. ಗಾರೆಯ ಕೆಲಸದವರದೂ ಹಾಗೆಯೇ, ವಯಸ್ಸಾದವರದೂ ಹಾಗೆಯೇ. ಅವರೆಲ್ಲ ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ ಅದು ಎಷ್ಟೋ ಸಲ ಒಪ್ಪುವುದಿಲ್ಲ. ಒಂದು ಕಾಲಕ್ಕೆ ಹೆಬ್ಬೆಟ್ಟು ಅನಕ್ಷರತೆಯ ಗುರುತಾಗಿತ್ತು. ಅದನ್ನು ತೊಡೆಯಲು ನಮ್ಮ ಹಿರಿಯ ಶಿಕ್ಷಕರು ರಾತ್ರಿಶಾಲೆಗಳನ್ನು ನಡೆಸಿದರು. ಈಗ ಪದವೀಧರರನ್ನೂ ಸೇರಿಸಿ ಎಲ್ಲರನ್ನೂ ಹೆಬ್ಬೆಟ್ಟಿನವರನ್ನಾಗಿ ಮಾಡಿದ್ದೇವೆ. ಅಕ್ಷರ ಕಲಿತವನು ಸಹಿಯನ್ನು ತಿದ್ದಿಕೊಳ್ಳಬಹುದಾಗಿತ್ತು. ಸವೆದ ಬೆರಳನ್ನು ತಿದ್ದಿಕೊಳ್ಳುವುದು ಯಾರ ಕೈಯಲ್ಲಿದೆ?

ನಕಲಿನ ಭಯವಾದರೂ ತಪ್ಪಿತೇ? ಅದೂ ಇಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿಯ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಗಳಿಂದ, ಆಧಾರ್ ಮತ್ತು ಬೆರಳಚ್ಚುಗಳ ಬಲದಿಂದ ನಡೆಯುವ ಹಣಪಾವತಿಯ ವ್ಯವಸ್ಥೆಯ ಮೂಲಕ ಹಣವು ಮಾಯವಾದ ದೂರುಗಳು ಬಂದವು. ನೋಂದಣಿ ಪತ್ರದ ಮೇಲಿದ್ದ ಬೆರಳಚ್ಚೇ ನಕಲಿಗೆ ಮೂಲವಾಯಿತೆಂಬ ಶಂಕೆಯು ಬಲವಾಯಿತು. ದಾಖಲೆಗಳಲ್ಲಿ ಆ ಗುರುತುಗಳನ್ನು ಮರೆಮಾಡಲು ಸರಕಾರವು ಮುಂದಾಯಿತು. ಇಲ್ಲಿ ಕಾರ್ಡನ್ನು ಮೈಗೆ ಇಳಿಸಲಿಲ್ಲ, ಮೈಯನ್ನೇ ಕಾರ್ಡಿನಂತೆ ನಕಲಿಸಿದರು. ಕಾರ್ಡು ಹೋದವನು ಬ್ಯಾಂಕಿಗೆ ಫೋನು ಮಾಡಿ ಅದನ್ನು ರದ್ದುಗೊಳಿಸುತ್ತಾನೆ. ಬೆರಳು ಹೋದವನು ಏನನ್ನು ರದ್ದುಗೊಳಿಸಬೇಕು? ಹೆಚ್ಚೆಂದರೆ ಅದಕ್ಕೆ ಕೀಲಿ ಜಡಿದು ತಾನೇ ಬಳಸದೆ ಕುಳಿತಿರಬಹುದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ನಮ್ಮ ನಾಡಿನ ವೃದ್ಧರೊಬ್ಬರು ದೇಶಕ್ಕೆ ತಂದುಕೊಟ್ಟ ಆ ತೀರ್ಪಿನ ಅರ್ಥವು ಗ್ರಂಥಗಳಲ್ಲಿ ಮಾತ್ರ ಉಳಿಯಬಾರದು. ಒಬ್ಬನು ತನ್ನ ಗುರುತನ್ನು ಯಾವಾಗ, ಯಾರಿಗೆ, ಎಷ್ಟು ಮಾತ್ರ ತೋರಿಸಬೇಕೆಂಬುದು ಅವನ ಕೈಯಲ್ಲಿರಬೇಕು. ಕಾರ್ಡನ್ನು ಜೇಬಿನಲ್ಲಿಟ್ಟು ಮನೆಯಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯವು ಆ ಹಕ್ಕಿನ ಒಂದು ಸಣ್ಣ, ಆದರೆ ನಿಜವಾದ ಭಾಗ. ಯಾರು ಕೇಳಿದರೂ ಹೆಸರು ಹೇಳುವ ಚಿಪ್ ಕೈಯೊಳಗಿದ್ದವನು ಆ ಭಾಗವನ್ನು ಬಿಟ್ಟುಕೊಟ್ಟಂತೆಯೇ.

*

ಎದುರು ಪಕ್ಷದಲ್ಲಿಯೂ ಸತ್ತ್ವವಿದೆಯೆಂಬುದನ್ನು ಮರೆಮಾಚಲಾರೆ. ಕೈಬೆರಳುಗಳಲ್ಲಿ ಬಲವಿಲ್ಲದೆ ಕೀಲಿಯನ್ನು ತಿರುವಲಾರದವರಿದ್ದಾರೆ. ಮರೆವಿನ ರೋಗದಿಂದ ತಮ್ಮ ಹೆಸರನ್ನೇ ಮರೆತವರಿದ್ದಾರೆ. ಅಂಥವರಿಗೆ ಚರ್ಮದಡಿಯ ಚಿಪ್ ಉಪಕಾರಿಯಾಗಬಹುದು. ತನ್ನ ಮನೆಯ ಬಾಗಿಲಿಗೆ ತನ್ನ ಕೈಯನ್ನೇ ಕೀಲಿಕೈ ಮಾಡಿಕೊಳ್ಳುವ ಕುತೂಹಲಿಯ ತಂಟೆಗೂ ನಾವು ಹೋಗಬೇಕಾಗಿಲ್ಲ. ನಮ್ಮ ಅಜ್ಜಿಯರು ಮುಂಗೈಯ ತುಂಬ ಹಚ್ಚೆ ಚುಚ್ಚಿಸಿಕೊಂಡು, ಸತ್ತ ಮೇಲೆ ಜತೆಗೆ ಬರುವುದು ಇದೊಂದೇ ಎನ್ನುತ್ತಿದ್ದರು. ಅವರ ಮೈ, ಅವರ ಇಚ್ಛೆ. ಆದರೆ ಹಚ್ಚೆಯನ್ನು ತೋರಿಸಿದರೆ ಮಾತ್ರ ರೇಷನ್ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಇಚ್ಛೆಯಿಂದ ತೊಡಗಿದ ಅನುಕೂಲವು ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ಕಡ್ಡಾಯವಾಗುವುದನ್ನು ನಮ್ಮ ಕಾಲವು ಒಂದಲ್ಲ, ಹಲವು ಸಲ ಕಂಡಿದೆ. ಆದ್ದರಿಂದ ಎಚ್ಚರವು ಮೊದಲ ದಿನದಿಂದಲೇ ಬೇಕು.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದಾಗಿ, ನಮ್ಮ ಕಾಲೇಜುಗಳೂ ವಸತಿಗೃಹಗಳೂ ಕಚೇರಿಗಳೂ ಬಾಗಿಲಿಗೆ ಯಂತ್ರ ಕೂಡಿಸುವಾಗ ಅಗ್ಗದ ದರವನ್ನು ಮಾತ್ರ ನೋಡಬಾರದು. 'ಇದು ಸಂಖ್ಯೆಯನ್ನು ನೋಡಿ ತೆರೆಯುತ್ತದೆಯೇ, ಗುಟ್ಟನ್ನು ಪರೀಕ್ಷಿಸಿ ತೆರೆಯುತ್ತದೆಯೇ?' ಎಂಬ ಒಂದು ಪ್ರಶ್ನೆಯನ್ನು ವ್ಯಾಪಾರಿಗೆ ಕೇಳಬೇಕು. ಸಂಖ್ಯೆಯನ್ನು ಮಾತ್ರ ನೋಡುವ ಯ���ತ್ರವು ಹೆಣ್ಣುಮಕ್ಕಳ ವಸತಿಗೃಹದ ಬಾಗಿಲಲ್ಲಿ ಒಂದು ದಿನವೂ ಇರತಕ್ಕದ್ದಲ್ಲ. ಎರಡನೆಯದಾಗಿ, ಯಾವ ಗುರುತೇ ಆಗಲಿ, ಕಳೆದರೆ ರದ್ದುಗೊಳಿಸಿ ಹೊಸದನ್ನು ಕೊಡುವಂತಿರಬೇಕು. ಬದಲಿಸಲಾಗದ ಮೈಯನ್ನು ಏಕಮಾತ್ರ ಕೀಲಿಕೈಯಾಗಿ ಮಾಡಕೂಡದು. ಮೂರನೆಯದಾಗಿ, ಯಂತ್ರವು ಒಪ್ಪದವರಿಗೆ ಮನುಷ್ಯನು ಒಪ್ಪುವ ದಾರಿಯೊಂದು ಅದೇ ಅಂಗಡಿಯಲ್ಲಿ, ಅದೇ ದಿನ, ಅಂಗಲಾಚದೆ ದೊರೆಯುವಂತಿರಬೇಕು. ಬೆರಳು ಸವೆದುದಕ್ಕಾಗಿ ಅಕ್ಕಿ ತಪ್ಪುವುದು ದುಡಿದುದಕ್ಕೆ ದಂಡ ಹಾಕಿದಂತೆ.

ಇವುಗಳಲ್ಲಿ ಯಾವುದೂ ಪಂಡಿತರು ಮಾತ್ರ ಕೇಳಬಲ್ಲ ಪ್ರಶ್ನೆಯಲ್ಲ. ಅಂಕಿತಕ್ಕೂ ಕವಿತ್ವಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ಕಲಿಸುವ ಅಧ್ಯಾಪಕನು ಸಂಖ್ಯೆಗೂ ಗುಟ್ಟಿಗೂ ಇರುವ ಅಂತರವನ್ನು ಸಂಸ್ಥೆಯ ಸಭೆಯಲ್ಲಿ ಹೇಳಬಲ್ಲನು. ನಮ್ಮ ತರುಣರೂ 'ಏಕೆ ಹೊಂದುವುದಿಲ್ಲ?' ಎಂದು ಬೇಸರಪಡುವುದಕ್ಕೆ ಮುಂಚೆ 'ಹೊಂದಿದರೆ ಯಾರಿಗೆ ಲಾಭ?' ಎಂದು ಕೇಳಲು ಕಲಿಯಲಿ. ಎಲ್ಲ ಬಾಗಿಲುಗಳೂ ಒಂದೇ ಕೀಲಿಕೈಗೆ ತೆರೆಯುವ ಊರಿನಲ್ಲಿ ವಾಸಿಸಲು ನನಗಂತೂ ಮನಸ್ಸಿಲ್ಲ. ಆ ಕೀಲಿಕೈಯು ನನ್ನ ಅಂಗೈಯೊಳಗೇ ಇದ್ದರೂ ಅಷ್ಟೆ.